ಕಂಪ್ಯೂಟರ್ ಜೋಡಿಸಿದವರು ಅದರ ವೇಗ, ಬಿಸಿಯನ್ನೂ ತೋರಿಸಿಕೊಡಲಿ

ಮಾನ್ಯ ಸಂಪಾದಕರೇ,

ಮಗಳ ಓದಿಗೆಂದು ಇತ್ತೀಚೆಗೆ ನಮ್ಮೂರಿನ ಅಂಗಡಿಯೊಂದರಲ್ಲಿ ಡೆಸ್ಕ್‌ಟಾಪ್ ಜೋಡಿಸಿಸಿಕೊಂಡೆ. ಬಿಲ್ಲಿನಲ್ಲಿ 3200 ವೇಗದ, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ (ಕೆಲಸ ನಡೆಯುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ) ಎಂದಿತ್ತು. ಮನೆಗೆ ತಂದು, ಕಂಪ್ಯೂಟರಿನ ಸ್ಥಿತಿ ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದರೆ ಕಂಡ ವೇಗ 2400. ರ‍್ಯಾಮ್ ನಕಲಿಯೇನಲ್ಲ. ಇಂಥ ರ‍್ಯಾಮ್‌ಗಳಲ್ಲಿ ಪೊಟ್ಟಣದ ಮೇಲೆ ಅಚ್ಚಾದ ವೇಗ ತಾನಾಗಿ ಬರುವುದಿಲ್ಲ. ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ, ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಚಾಲೂ ಮಾಡಿದರೆ ವೋಲ್ಟೇಜ್ 1.2ರಿಂದ 1.35ಕ್ಕೇರಿ ಆ ವೇಗ ದೊರೆಯುತ್ತದೆ. ಇದು ಎರಡು ನಿಮಿಷದ ಕೆಲಸ. ಕ್ಯಾಬಿನೆಟ್‌ನ ದೀಪಗಳ ಬಣ್ಣ ಹೊಂದಿಸಲು ಅರ್ಧ ಗಂಟೆ ಕೂತ ಹುಡುಗ ಇದನ್ನು ಮಾಡಿರಲಿಲ್ಲ.

ಎರಡೂ ರ‍್ಯಾಮ್‌ಗಳನ್ನು ಅಕ್ಕಪಕ್ಕದ ಸ್ಲಾಟ್‌ಗಳಲ್ಲಿ ಕೂರಿಸಿದ್ದು ಇನ್ನೊಂದು ತಪ್ಪು. ನಾಲ್ಕು ಸ್ಲಾಟ್‌ಗಳಿರುವ ಬಹುತೇಕ ಮದರ್‌ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಿಗೆ ಹಾಕಿದರೆ ಪ್ರೊಸೆಸರ್ ಮತ್ತು ಮೆಮೊರಿಯ ನಡುವೆ ಮಾಹಿತಿ ಸಾಗುವ ಎರಡೂ ಹಾದಿಗಳು (ಚಾನೆಲ್‌ಗಳು) ಬಳಕೆಯಾಗುತ್ತವೆ.

ಇದಕ್ಕಿಂತ ಚಿಂತೆಗೀಡುಮಾಡಿದ್ದು ಬಿಸಿ. ಎಷ್ಟೇ ದೊಡ್ಡ ಫ್ಯಾನ್ ಇದ್ದರೂ ಪ್ರೊಸೆಸರ್ ಮೇಲೆ ಕೂರುವ ಕೂಲರ್ ಅದನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಹಾಗಾಗಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ರಾಯಚೂರಿನಂಥ ಊರಿನಲ್ಲಿ ಗಾಳಿ ಒಳಬಂದು ಹೊರಹೋಗುವ ದಾರಿ ಸರಿಯಿರಲೇಬೇಕು. ಅನುಮಾನ ಬಂದು ಕ್ಯಾಬಿನೆಟ್‌ನ ಮುಂದೆ ಊದಿನಕಡ್ಡಿ ಹಿಡಿದೆ. ಒಳಕ್ಕೆ ಸೆಳೆಯಬೇಕಾದ ಮುಂದಿನ ಫ್ಯಾನ್ ಹೊಗೆಯನ್ನು ನನ್ನ ಮುಖಕ್ಕೇ ತಳ್ಳಿತು, ಏಕೆಂದರೆ ಅದನ್ನು ತಿರುವುಮುರುವಾಗಿ ಕೂರಿಸಲಾಗಿತ್ತು. ಫ್ಯಾನಿನ ಅಡ್ಡಪಟ್ಟಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆಂಬುದು ಈ ಕಸುಬಿನವರಿಗೆ ತಿಳಿಯದ ಸಂಗತಿಯಲ್ಲ. ಬಿಸಿ ಸುಮಾರು 95ರಿಂದ 100 ಡಿಗ್ರಿ ಮುಟ್ಟಿದರೆ ಅನೇಕ ಪ್ರೊಸೆಸರ್‌ಗಳು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ, ಕೊಂಡವರು ಮಾತ್ರ ಕಂಪ್ಯೂಟರ್ ಯಾಕೋ ನಿಧಾನವೆಂದು ಗೊಣಗುತ್ತಾರೆ.

ಆದ್ದರಿಂದ ಜೋಡಿಸಿ ಕೊಡುವವರಲ್ಲಿ ನನ್ನದೊಂದು ಕೋರಿಕೆ. ಎಕ್ಸ್‌ಎಂಪಿ ಹಾಕಿದ ಮೇಲೆ ಮೆಮ್‌ಟೆಸ್ಟ್86ರಂಥ ತಂತ್ರಾಂಶದಿಂದ ರ‍್ಯಾಮ್ ಪರೀಕ್ಷಿಸಿ, ತಪ್ಪುಗಳು ಕಂಡರೆ ವೋಲ್ಟೇಜ್ ಏರಿಸುವ ಬದಲು ವೇಗವನ್ನು ಒಂದು ಹಂತ ಇಳಿಸಿರಿ. ಅರ್ಧ ಗಂಟೆ ಪೂರ್ಣ ಹೊರೆ ಹಾಕಿ ಪ್ರೊಸೆಸರ್ ಎಷ್ಟು ಬಿಸಿಯಾಗುತ್ತದೆಂದು ಗಿರಾಕಿಯ ಎದುರಿಗೇ ತೋರಿಸಿರಿ. ರ‍್ಯಾಮ್ ವೇಗ ಮತ್ತು ಬಿಸಿಯ ಅಂಕಿಗಳನ್ನು ಬಿಲ್ಲಿನ ಹಿಂದೆ ಬರೆದುಕೊಟ್ಟರೆ ಜೋಡಣೆಯ ಶುಲ್ಕ ಕೊಡಲು ನಮ್ಮದೇನೂ ತಕರಾರಿಲ್ಲ.

– ಓದುಗ, ರಾಯಚೂರು