ಮಳೆ ರಜೆ, ಮೊಬೈಲ್ ಮತ್ತು ಅದರೊಳಗಿನ ಲೋಕ: ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಕಕ್ಕಡ ತಿಂಗಳ ಮಳೆ ಜೋರಾಗಿದೆ. ಜಿಲ್ಲಾಧಿಕಾರಿಗಳು ರಜೆ ಕೊಟ್ಟ ದಿನ ಮಕ್ಕಳು ಅಂಗಳಕ್ಕೂ ಇಳಿಯುವಂತಿಲ್ಲ, ಮೊಬೈಲ್ ಕೈಗೆ ಬಂದೇ ಬರುತ್ತದೆ. ರಜೆ ಮುಗಿಸಿ ಬಂದವರ ಬಾಯಲ್ಲಿ ಮೈನ್‌ಕ್ರಾಫ್ಟ್, ರೋಬ್ಲಾಕ್ಸ್ ಎಂಬ ಆನ್‌ಲೈನ್ ಆಟಗಳನ್ನು ಬಿಟ್ಟರೆ ಬೇರೆ ಮಾತಿಲ್ಲ. "ಸರ್, ಇದನ್ನೆಲ್ಲ ಬಿಡಿಸಿ" ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಪೂರ್ತಿ ಬಿಡಿಸಿ ಎಂದು ನಾನು ಹೇಳಲಾರೆ.

ನಮ್ಮ ಎಂಟನೇ ತರಗತಿಯ ಹುಡುಗನೊಬ್ಬ ತನ್ನ ಕುಟುಂಬದ ಐನ್‌ಮನೆಯನ್ನು, ಅಂದರೆ ಹಿರಿಯರ ಮೂಲಮನೆಯನ್ನು, ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟಿ ತೋರಿಸಿದ. ಅಲ್ಲಿ ಎಲ್ಲವನ್ನೂ ಕಟ್ಟುವುದು ಇಟ್ಟಿಗೆಯಂಥ ಚೌಕ ಬ್ಲಾಕ್‌ಗಳಿಂದ, ಒಂದು ಬ್ಲಾಕ್‌ನ ಅಳತೆ ಒಂದು ಮೀಟರ್. ಹಾಗಾಗಿ ಅಜ್ಜನನ್ನು ಜೊತೆಗೆ ಕರೆದುಕೊಂಡು ಟೇಪು ಹಿಡಿದು ಇಡೀ ಮನೆ ಅಳೆದಿದ್ದಾನೆ. ಕಂಬಗಳ ನಡುವೆ ಕೂರಲು ಹಾಕಿದ ಮರದ ಹಲಗೆ, ಐಮರ, ಒಂದು ಮೀಟರ್ ದಪ್ಪ ಇರುವುದಿಲ್ಲವಲ್ಲ, ಅದಕ್ಕೆ ಅರ್ಧ ಬ್ಲಾಕ್ ಹುಡುಕಿದ. ಹೆಂಚಿನ ಇಳಿಜಾರು ಎರಡು ಸಲ ಕೆಟ್ಟಿತು, ಆಮೇಲೆ ಮೆಟ್ಟಿಲಿನ ತುಂಡುಗಳನ್ನು ಜೋಡಿಸಿ ಸರಿಮಾಡಿದ. ಅನುಪಾತದ ಲೆಕ್ಕಕ್ಕೆ ತರಗತಿಯಲ್ಲಿ ಆಕಳಿಸುವವನು ಇವನೇ! ರೋಬ್ಲಾಕ್ಸ್‌ನಲ್ಲಂತೂ ಆಟಗಳನ್ನು ಮಾಡಿ ಹಾಕುವವರು ಬಳಕೆದಾರರೇ. ಮನಸ್ಸಿದ್ದ ಮಗು ಅಲ್ಲಿ ಪ್ರೋಗ್ರಾಮಿಂಗ್ ಕೂಡ ಕಲಿಯಬಹುದು.

ನನಗೆ ಚಿಂತೆ ಇರುವುದು ಅಲ್ಲಿ ಸಿಗುವ ಜನರ ಬಗ್ಗೆ. ಆಟದಲ್ಲಿ ಪ್ರತಿಯೊಬ್ಬರೂ ಒಂದು ಬೊಂಬೆಯ ರೂಪದಲ್ಲಿ ಓಡಾಡುತ್ತಾರೆ; ಆ ವೇಷದಲ್ಲಿ ಎದುರಿಗೆ ನಿಂತವರು ಹತ್ತು ವರ್ಷದವರೋ ನಲವತ್ತು ವರ್ಷದವರೋ ಗೊತ್ತಾಗುವುದಿಲ್ಲ. ಮೊದಲು ಜೊತೆಗೆ ಆಡುತ್ತಾರೆ, ಏನಾದರೂ ಉಡುಗೊರೆ ಕೊಡುತ್ತಾರೆ. ಆಮೇಲೆ "ಇಲ್ಲಿ ಬೇಡ, ಬೇರೆ ಆ್ಯಪ್‌ಗೆ ಬಾ, ಮನೆಯಲ್ಲಿ ಹೇಳಬೇಡ" ಎನ್ನುತ್ತಾರೆ. ಈ ಮಾತು ಬಂದ ಕೂಡಲೇ ನಿಮಗೆ ತಿಳಿಸಬೇಕು ಎಂದು ಮಗುವಿಗೆ ಹೇಳಿಡಿ. ತಿಳಿಸಿದ ಮಗುವಿನ ಕೈಯಿಂದ ಮೊಬೈಲ್ ಕಿತ್ತುಕೊಂಡರೆ ಮುಂದಿನ ಸಲ ಅದು ಬಾಯಿ ಬಿಡುವುದಿಲ್ಲ. ಮಾತುಕತೆಯ ಚಿತ್ರ (ಸ್ಕ್ರೀನ್‌ಶಾಟ್) ತೆಗೆದಿಡಿ, ಅಳಿಸಬೇಡಿ. ಮಕ್ಕಳ ಸಹಾಯವಾಣಿ 1098.

ಇನ್ನು ದುಡ್ಡು. ರೋಬ್ಲಾಕ್ಸ್ ಒಳಗೆ ಹೋಗಲು ಕಾಸು ಬೇಡ, ಆದರೆ ಬೊಂಬೆಗೆ ಅಂಗಿ, ಟೋಪಿ ಬೇಕೆಂದರೆ ರೋಬಕ್ಸ್ ಎಂಬ ಅಲ್ಲಿನ ನಾಣ್ಯ ಬೇಕು. ಅದನ್ನು ಕೊಳ್ಳುವುದು ನಿಜವಾದ ರೂಪಾಯಿಗೆ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯ್ದೆಯಲ್ಲಿ ನಿಷೇಧಿಸಿದೆ, ನಿಜ. ಹಾಗೆಂದು ಟೋಪಿ ಕೊಳ್ಳುವ ಮಗುವನ್ನು ಕಾಯ್ದೆ ಬಂದು ತಡೆಯುತ್ತದೆ ಎಂದು ಕೂರಬೇಡಿ. ಯುಪಿಐ ಪಿನ್ ಮಕ್ಕಳಿಗೆ ಗೊತ್ತಿರುವ ಮನೆಗಳು ನಮ್ಮಲ್ಲಿ ಬಹಳ ಇವೆ. ದಯವಿಟ್ಟು ಇವತ್ತೇ ಬದಲಾಯಿಸಿ. "ರೋಬಕ್ಸ್ ಪುಕ್ಕಟೆ ಕೊಡ್ತೇವೆ, ಪಾಸ್‌ವರ್ಡ್ ಹೇಳು" ಎನ್ನುವವರೆಲ್ಲ ಮೋಸಗಾರರೇ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬೆಂಗಳೂರಿನ ಚಿಕ್ಕಪ್ಪಂದಿರು ತಂದುಕೊಡುವ ವಿಆರ್ ಕನ್ನಡಕ, ಅಂದರೆ ಹಾಕಿಕೊಂಡರೆ ಆಟದ ಒಳಗೇ ಇದ್ದಂತೆ ತೋರಿಸುವ ಸಾಧನ, ಇಲ್ಲಿನ್ನೂ ಕೆಲವೇ ಮನೆಗಳಲ್ಲಿದೆ. ಕಣ್ಣು ಓಡುತ್ತಿದ್ದೇನೆ ಎನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಕೂತಿದ್ದೇನೆ ಎನ್ನುತ್ತದೆ. ತಲೆ ಸುತ್ತುವುದು ಅದಕ್ಕೇ. ಭಾಗಮಂಡಲದ ತಿರುವುಗಳಲ್ಲಿ ಬಸ್ಸಿನಲ್ಲಿ ವಾಂತಿ ಮಾಡುವ ಮಕ್ಕಳಿಗೆ ಅದನ್ನು ಹಾಕದಿರುವುದೇ ಒಳ್ಳೆಯದು.

ಎಷ್ಟು ಹೊತ್ತು ಆಡಬಹುದು ಎಂದು ಕೇಳುತ್ತೀರಿ. ಗಡಿಯಾರ ನೋಡುವುದಕ್ಕಿಂತ ನಾನು ನೋಡುವುದು ಬೇರೆ: ಕರೆಂಟ್ ಹೋಗಿ ನೆಟ್‌ವರ್ಕ್ ಸತ್ತ ದಿನ ಮಗು ಸ್ವಲ್ಪ ಗೊಣಗಿ ಬೇರೆ ಕೆಲಸಕ್ಕೆ ಏಳುತ್ತದೆಯೋ, ಅನ್ನ ಬಿಟ್ಟು ಹಟ ಮಾಡುತ್ತದೆಯೋ? ಎರಡನೆಯದಾದರೆ ಶಾಲೆಗೆ ಬಂದು ಮಾತಾಡಿ. ಹಾಸಿಗೆಗೆ ಮೊಬೈಲ್ ಒಯ್ಯುವುದಂತೂ ಯಾವ ಮನೆಯಲ್ಲೂ ಬೇಡ.

ಬರುವ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಕಂಪ್ಯೂಟರ್ ಕೊಠಡಿಗೆ ಬನ್ನಿ, ಮಕ್ಕಳು ಆಡುವ ಮೊಬೈಲನ್ನೇ ತನ್ನಿ. ಅಪರಿಚಿತರ ಚಾಟ್ ನಿಲ್ಲಿಸುವುದು, ಖರೀದಿಗೆ ಬೀಗ ಹಾಕುವುದು ಹೇಗೆಂದು ಶಿಕ್ಷಕರು ತೋರಿಸಿಕೊಡುತ್ತಾರೆ. ತೋಟದ ಕಾರ್ಮಿಕರ ಲೈನ್‌ಮನೆಗಳ ಪೋಷಕರಿಗೆ ಓದಿ ಹೇಳಲು ಹಿರಿಯ ವಿದ್ಯಾರ್ಥಿಗಳು ಇರುತ್ತಾರೆ. ನಾಟಿ ಕೆಲಸದಿಂದ ಬಿಡುವಾಗದವರು ಸೋಮವಾರ ಸಂಜೆ ಬರಬಹುದು.

ಇಂತಿ,
ಮುಖ್ಯ ಶಿಕ್ಷಕರು