ಸಂಶೋಧನೆಯ ತರಬೇತಿ ಎಂ.ಎ.ಯಲ್ಲೇ ಸಿಗಲಿ

ಮಾನ್ಯರೇ,

ಎಂ.ಎ. ಸಮಾಜಶಾಸ್ತ್ರ ಓದುತ್ತಿರುವ ಹುಡುಗಿಯೊಬ್ಬಳ ಜೊತೆ ಮೊನ್ನೆ ಒಂದು ಹಳ್ಳಿಗೆ ಹೋಗಿದ್ದೆ. ಅವಳ ಕಿರುಪ್ರಬಂಧಕ್ಕೆ ಮಾಹಿತಿ ಬೇಕಿತ್ತು. ಕೈಯಲ್ಲಿದ್ದದ್ದು ಇಂಗ್ಲಿಷಿನಿಂದ ಇಳಿಸಿಕೊಂಡ ಪ್ರಶ್ನಾವಳಿ. ‘ನಿಮ್ಮ ಕುಟುಂಬದ ಆದಾಯ ಮೂಲಗಳ ಸ್ವರೂಪವೇನು?’ ಎಂದು ಓದಿದಳು. ಕಟ್ಟೆ ಮೇಲೆ ಶೇಂಗಾ ಸುಲಿಯುತ್ತಿದ್ದ ಅಜ್ಜಿ ‘ಹಂಗಂದ್ರೇನವ್ವಾ?’ ಅಂದರು. ಹುಡುಗಿ ಮತ್ತೆ ಅದನ್ನೇ ಓದಿದಳು. ಅಜ್ಜಿ ಸುಮ್ಮನಾದರು. ‘ಮನಿ ಖರ್ಚಿಗೆ ರೊಕ್ಕ ಎಲ್ಲಿಂದ ಬರ್ತೈತಿ ಅಜ್ಜಿ?’ ಎಂದು ನಾನು ಕೇಳಿದೆ. ಎಮ್ಮೆ ಹಾಲು, ಸಂಘದ ಸಾಲ, ಗೋವಾಕ್ಕೆ ದುಡಿಯಲು ಹೋದ ಮಗ, ಎಲ್ಲವೂ ಹೊರಬಂತು. ಹುಡುಗಿ ಜಾಣೆ. ಆದರೆ ಪ್ರಶ್ನೆ ಕೇಳುವುದು ಹೇಗೆ ಅಂತ ಅವಳಿಗೆ ಯಾರೂ ಕಲಿಸಿರಲಿಲ್ಲ.

ಕಲಿಯಲು ಎಲ್ಲಿಗೆ ಹೋಗಬೇಕು? ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು, ಅಂದರೆ ಐಸಿಎಸ್‌ಎಸ್‌ಆರ್, ಸಂಶೋಧನಾ ವಿಧಾನದ ಶಿಬಿರಗಳಿಗೆ ಹಣ ಕೊಡುತ್ತದೆ. ಅವು ಮುಖ್ಯವಾಗಿ ಪಿಎಚ್‌.ಡಿ. ಮಾಡುತ್ತಿರುವವರಿಗೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್, ಅಂದರೆ ತರಗತಿಯ ಪಾಠ, ಕಡ್ಡಾಯ, ಅದೂ ಪಿಎಚ್‌.ಡಿ. ಸೇರಿದ ಮೇಲೆಯೇ. ಎಂ.ಎ. ಮತ್ತು ಪಿಎಚ್‌.ಡಿ. ನಡುವೆ ಮೆಟ್ಟಿಲಿನಂತಿದ್ದ ಎಂ.ಫಿಲ್. ಅದೇ ನಿಯಮದೊಂದಿಗೆ ನಿಂತುಹೋಯಿತು.

ಪಿಎಚ್‌.ಡಿ.ಗೆ ಸೇರುವುದಾದರೂ ಸುಲಭವೇ? 2024ರ ಜೂನ್‌ನಿಂದ ಉಪನ್ಯಾಸಕ ಹುದ್ದೆಯ ಅರ್ಹತೆಗೆ ನಡೆಯುವ ರಾಷ್ಟ್ರಮಟ್ಟದ ಪರೀಕ್ಷೆಯಾದ ನೆಟ್‌ನ ಅಂಕಗಳನ್ನೇ ಪಿಎಚ್‌.ಡಿ. ಪ್ರವೇಶಕ್ಕೂ ಬಳಸುತ್ತಿದ್ದಾರೆ. ಅದೇ ಪರೀಕ್ಷೆಯಿಂದ ಸಿಗುವ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಸಿಗದವರಿಗೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30ರ ತೂಕ. ಆ ಅಂಕ ನಡೆಯುವುದು ಒಂದೇ ವರ್ಷ. ಸಮಾಜಶಾಸ್ತ್ರದ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಓದಿ ಬಂದವರು ಇಲ್ಲೇ ಹಿಂದೆ ಬೀಳುತ್ತಾರೆ. ನಮ್ಮ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್‌ನಲ್ಲಿ ಕನ್ನಡದ ಪ್ರಶ್ನೆಗಳಿವೆ ನಿಜ. ಆದರೆ ಅದು ಉಪನ್ಯಾಸಕ ಹುದ್ದೆಯ ಅರ್ಹತೆ, ಅದರಿಂದ ಫೆಲೋಶಿಪ್ ಸಿಗುವುದಿಲ್ಲ.

ನೆಟ್ ಭಾಷೆ ಬದಲಾಗಲೇಬೇಕು. ಅದು ದಿಲ್ಲಿಯಲ್ಲಿ ಆಗಬೇಕಾದ ಕೆಲಸ, ತಡವಾಗಬಹುದು. ನಮ್ಮ ಕೈಲಿರುವುದನ್ನಾದರೂ ಮಾಡಬಹುದು ಅಲ್ವಾ? ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆ ಐಸೆಕ್ ಬೆಂಗಳೂರಿನ ನಾಗರಭಾವಿಯಲ್ಲಿದೆ. ಧಾರವಾಡದಲ್ಲಿ ಅಂಥದೇ ಸಂಶೋಧನಾ ಸಂಸ್ಥೆ ಸಿಎಂಡಿಆರ್ ಇದೆ. ಎರಡಕ್ಕೂ ಐಸಿಎಸ್‌ಎಸ್‌ಆರ್ ನೆರವಿದೆ. ಎಂ.ಎ. ಕೊನೆಯ ವರ್ಷದವರಿಗೆ ರಜೆಯಲ್ಲಿ ಹತ್ತು ದಿನದ ತರಬೇತಿಯನ್ನು ಕನ್ನಡದಲ್ಲೇ ನಡೆಸಲು ಸರ್ಕಾರ ಈ ಸಂಸ್ಥೆಗಳಿಗೆ ಹಣ ಕೊಡಲಿ. ಅರ್ಧ ದಿನ ಪಾಠ, ಅರ್ಧ ದಿನ ಹಳ್ಳಿ. ಊಟ ವಸತಿಯೂ ಅದರಲ್ಲೇ ಸೇರಿರಲಿ, ಇಲ್ಲದಿದ್ದರೆ ದೂರದ ಊರಿನ ಹೆಣ್ಣುಮಕ್ಕಳು ಬರುವುದಿಲ್ಲ. ಈ ತರಬೇತಿಗೆ ವಿಶ್ವವಿದ್ಯಾಲಯಗಳು ಎಂ.ಎ.ಯಲ್ಲೇ ಕ್ರೆಡಿಟ್ ಕೊಡಲಿ. ಮುಂದಿನ ಬೇಸಿಗೆಗೆ ಮೊದಲ ತಂಡ ಶುರುವಾಗಲಿ.

– ಸಮಾಜಶಾಸ್ತ್ರ ಉಪನ್ಯಾಸಕಿ, ಹಾವೇರಿ