ಮೊದಲ ಮಳೆಗಾಲ ಕಳೆಯಲಿ: ಹೊಸ ಮನೆ ಹೊಕ್ಕ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಮನೆಯೊಕ್ಕಲಿನ ಗಡಿಬಿಡಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ನೀನು ಕಳಿಸಿದ ಪಟ್ಟಿ ಸಿಕ್ಕಿತು. ಪಡುವಣ ಕೋಣೆಗೆ ಗೋಡೆ ತುಂಬ ವಾರ್ಡ್‌ರೋಬು, ಹಾಲಿಗೆ ವಾಲ್‌ಪೇಪರು, ಜಗಲಿಗೆ ಉಯ್ಯಾಲೆ, ತಾರಸಿಗೆ ಮಲ್ಲಿಗೆ. ಬಡಗಿ ಬರುವ ವಾರ ಬರುತ್ತಾನೆ ಅಂತಲೂ ಬರೆದಿದ್ದಿ. ಅವನನ್ನು ಸದ್ಯಕ್ಕೆ ನಿಲ್ಲಿಸು ಮಾರಾಯ. ಪತ್ತನಾಜೆ, ಅಂದರೆ ಮೇ ಕೊನೆಯ ಮಳೆಗಾಲದ ಹೊಸ್ತಿಲು, ಹತ್ತಿರ ಬಂತು. ಮಲ್ಲಿಗೆಗೆ ಇದೇ ಸಮಯ, ಉಯ್ಯಾಲೆಗೂ ಅಡ್ಡಿಯಿಲ್ಲ. ವಾರ್ಡ್‌ರೋಬು, ವಾಲ್‌ಪೇಪರು ಮಾತ್ರ ದೀಪಾವಳಿ ಕಳೆದ ಮೇಲೆ.

ಕಾರಣ ನಿನ್ನ ಗೋಡೆಯಲ್ಲೇ ಉಂಟು. ಮುರಕಲ್ಲು (ಲ್ಯಾಟರೈಟ್) ಮೈತುಂಬ ತೂತಿರುವ ಕಲ್ಲು, ನೀರನ್ನು ಹೀರಿ ಇಟ್ಟುಕೊಳ್ಳುವ ಜಾತಿ. ಕಟ್ಟುವಾಗ ಹಾಕಿದ ನೀರು, ಕ್ಯೂರಿಂಗಿಗೆ ಬಿಟ್ಟ ನೀರು ಎಲ್ಲ ಅದರೊಳಗೆ ಹೋಗಿ ಕೂತಿದೆ. ಪ್ಲಾಸ್ಟರ್ ಒಣಗುವುದು ಒಳ್ಳೆಯ ಗಾಳಿ ಬಿಸಿಲಿದ್ದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಲೆಕ್ಕದಲ್ಲಿ. ಅದು ಪ್ಲಾಸ್ಟರಿನ ಮಾತಾಯ್ತು, ಹಿಂದಿರುವ ಕಲ್ಲಿಗೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ಜೂನ್ ಬಂದು, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ನಮ್ಮ ಕರಾವಳಿಯ ಮಳೆ ಪಡುವಣ ಗಾಳಿಯೊಂದಿಗೆ ಅದೇ ಗೋಡೆಗೆ ಹೊಡೆಯುತ್ತದೆ. ಅದರ ಒಳಬದಿಗೆ ಪ್ಲೈವುಡ್ ಒತ್ತಿ ಕೂರಿಸಿದರೆ ಗೋಡೆಗೆ ಉಸಿರಾಡಲು ದಾರಿಯಿಲ್ಲ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ವಾರ್ಡ್‌ರೋಬಿನ ಬಾಗಿಲು ತೆಗೆದಾಗ ಮದುವೆಯ ಸೀರೆಯ ಮೇಲೆ ಬೂಸು. ವಾಲ್‌ಪೇಪರಿನದ್ದೂ ಅದೇ ಕತೆ: ಅದರ ಮೇಲ್ಮೈ ವಿನೈಲ್, ನೀರಾವಿ ದಾಟುವುದಿಲ್ಲ, ಅಂಟು ಬಿಟ್ಟು ಒಳಗೆ ಕಪ್ಪು ಚುಕ್ಕೆ ಹಬ್ಬುತ್ತದೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಕಾರ್ಖಾನೆ ಹಾಕಿದ ಮೇಲೆ ಊರೆಲ್ಲ ಹಬ್ಬಿದ ಹಂಚಿನ ಮಾಡಿನಲ್ಲಿ ಸಂದಿಗಳಿಂದಲೇ ಗಾಳಿ ಓಡಾಡುತ್ತಿತ್ತು. ಸ್ಲ್ಯಾಬು ಹಾಕಿ, ಗಾಜು ಮುಚ್ಚಿದ ಮನೆಯಲ್ಲಿ ಆ ಕೆಲಸ ನೀನೇ ಮಾಡಬೇಕು. ಮಳೆ ಬಿಟ್ಟ ಒಂದೊಂದು ಗಂಟೆಯಲ್ಲೂ ಎದುರುಬದುರು ಕಿಟಕಿ ತೆಗೆದಿಡು, ಅಡುಗೆಮನೆ ಬಚ್ಚಲಿನ ಎಕ್ಸಾಸ್ಟ್ ಫ್ಯಾನು ಓಡಲಿ.

ಗೋಡೆ ಒಣಗಿದೆಯೋ ಅಂತ ಕೈಯಿಂದ ಮುಟ್ಟಿ ಹೇಳುವುದು ಅಂದಾಜಿನ ಮಾತು. ಒಂದೂವರೆ ಅಡಿ ಚೌಕದ ತೆಳು ಪಾಲಿಥೀನ್ ಹಾಳೆ ತೆಗೆದುಕೊಂಡು ನಾಲ್ಕೂ ಅಂಚಿಗೆ ಟೇಪು ಬಿಗಿಯಾಗಿ ಹಚ್ಚು, 16 ಗಂಟೆ ಬಿಡು. ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕಂಡರೆ ಗೋಡೆ ಹಸಿ. ಹೊರಬದಿಯಲ್ಲಿ ಕಂಡರೆ ಅದು ಕೋಣೆಯ ಗಾಳಿಯ ತೇವ, ಗೋಡೆಯ ತಪ್ಪಲ್ಲ. ಪಡುವಣ ಗೋಡೆಯಲ್ಲಿ ಮೂರು ಕಡೆ ಇದನ್ನು ಮಾಡು: ನೆಲದಿಂದ ಒಂದಡಿ ಮೇಲೆ, ಕಿಟಕಿಯ ಕೆಳಗೆ, ಲಿಂಟಲ್ (ಕಿಟಕಿ ಮೇಲಿನ ಕಾಂಕ್ರೀಟು ತೊಲೆ) ಮಟ್ಟದಲ್ಲಿ. ಕೆಳಗೆ ಮಾತ್ರ ಹಸಿ ಇದ್ದರೆ ನೀರು ಅಡಿಪಾಯದಿಂದ ಏರುತ್ತಿದೆ, ಕಿಟಕಿಯ ಕೆಳಗೆ ಇದ್ದರೆ ಚೌಕಟ್ಟಿನ ಸಂದಿ, ಮೇಲೆ ಇದ್ದರೆ ಚಜ್ಜದ ಬುಡ. ಮೂರಕ್ಕೂ ಮದ್ದು ಬೇರೆ ಬೇರೆ. ಪೇಂಟಿನವ ಬಂದು ಎಲ್ಲದಕ್ಕೂ ಒಂದೇ ಡಬ್ಬಿ ತೋರಿಸಿದರೆ ನಂಬಬೇಡ. ಬಿಳಿ ಪುಡಿಯಂತೆ ಉಪ್ಪು ಎದ್ದರೆ ಒಣ ಬ್ರಶ್ಶಿನಲ್ಲಿ ಉಜ್ಜಿ ಮೊರದಲ್ಲಿ ಹಿಡಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ವಾಪಸು ಗೋಡೆಗೇ ಹೋಗುತ್ತದೆ.

ಕಿಟಕಿ ಎಂದೆನಲ್ಲ, ಈ ವಾರವೇ ಮಾಡಬೇಕಾದ ಒಂದು ಕೆಲಸ ಉಂಟು. ನಿನ್ನದು ಅಲ್ಯೂಮಿನಿಯಂ ಸ್ಲೈಡಿಂಗ್. ಕೆಳಗಿನ ಟ್ರ್ಯಾಕಿನ ಹೊರಮುಖದಲ್ಲಿ ಬೆರಳಿನ ಉಗುರಿನಷ್ಟು ಉದ್ದದ ಸೀಳು ತೂತುಗಳಿರುತ್ತವೆ. ಟ್ರ್ಯಾಕಿಗೆ ಬಿದ್ದ ಮಳೆನೀರು ಹೊರಗೆ ಹೋಗುವುದು ಅವುಗಳಿಂದಲೇ. ಹೊಸ ಮನೆಯಲ್ಲಿ ಎಷ್ಟೋ ಕಿಟಕಿಗೆ ಅವು ಸಿಮೆಂಟು, ಪುಟ್ಟಿ, ಸಿಲಿಕಾನಿನಿಂದ ಮುಚ್ಚಿರುತ್ತವೆ. ಕೆಲವರು ಚೆಂದ ಕಾಣಲಿ ಅಂತ ಬೇಕೆಂದೇ ಮುಚ್ಚುತ್ತಾರೆ! ಟ್ರ್ಯಾಕಿಗೆ ಒಂದು ತಂಬಿಗೆ ನೀರು ಹೊಯ್ಯಿ. ನಿಮಿಷದೊಳಗೆ ಹೊರಗೆ ಸುರಿದು ಹೋಗಬೇಕು. ನಿಂತರೆ ಸಣ್ಣ ತಂತಿಯಿಂದ ಚುಚ್ಚಿ ಬಿಡಿಸು. ಹೋಗಲಿಲ್ಲವಾದರೆ 6 ಎಂಎಂ ಡ್ರಿಲ್ ಬಿಟ್ಟಿನಿಂದ ಪ್ರತಿ ಕಿಟಕಿಗೆ ಎರಡು ತೂತು ಹೊರಮುಖಕ್ಕೆ ಮಾತ್ರ ಕೊರೆ, ಒಳಗಿನ ಕಲ್ಲಿಗೆ ತಾಗದ ಹಾಗೆ. ಅದಾದ ಮೇಲೆ ಹೊರಗಿನಿಂದ ಚೌಕಟ್ಟು ಮತ್ತು ಗೋಡೆಯ ಸಂದಿಗೆ ಹವಾಮಾನ ತಡೆಯುವ ನ್ಯೂಟ್ರಲ್ ಸಿಲಿಕಾನ್ ಹಾಕಿಸು. ವಿನೆಗರಿನ ವಾಸನೆ ಬರುವ ಅಗ್ಗದ ಸಿಲಿಕಾನ್ ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ, ಲೋಹವನ್ನೂ ತಿನ್ನುತ್ತದೆ.

ಜುಲೈಯಲ್ಲಿ ನಿನ್ನ ಹಲಸಿನ ಬಾಗಿಲು ಬಿಗಿಯಾಗುವುದು ಖಂಡಿತ. ಆಗ ಸಿಟ್ಟಿನಲ್ಲಿ ಉಜ್ಜುಕೊರಡಿನವನನ್ನು ಕರೆಯಬೇಡ. ಮಳೆಗಾಲದಲ್ಲಿ ಕೆತ್ತಿದ ಬಾಗಿಲು ಫೆಬ್ರವರಿಯಲ್ಲಿ ಒಣಗಿ ಸಂದಿ ಬಿಡುತ್ತದೆ, ಆ ಸಂದಿಯಲ್ಲಿ ಹಲ್ಲಿ ಓಡಾಡುತ್ತದೆ. ಬಾಗಿಲಿನ ತಲೆ ಮತ್ತು ಬುಡದ ಅಂಚಿಗೆ ಪಾಲಿಶ್ ಹಚ್ಚಿದ್ದಾರೋ ನೋಡು. ಕಣ್ಣಿಗೆ ಬೀಳದ ಜಾಗವಾದ್ದರಿಂದ ಬಿಟ್ಟಿರುತ್ತಾರೆ, ಮರ ಅತಿ ಹೆಚ್ಚು ನೀರು ಕುಡಿಯುವುದು ಅಲ್ಲಿಂದಲೇ. ತಲೆಯ ಅಂಚನ್ನು ಏಣಿ ಹತ್ತಿ ಕೈಯಾಡಿಸಿ ನೋಡಿದರೆ ತಿಳಿಯುತ್ತದೆ, ಬುಡಕ್ಕೆ ಬಾಗಿಲು ಕಳಚಲೇಬೇಕು. ಮಳೆಗೆ ಮೊದಲು ಎರಡೂ ಅಂಚಿಗೆ ಎರಡು ಕೋಟು ಹಾಕಿಸಿಬಿಡು.

ಈಗ ವಾರ್ಡ್‌ರೋಬಿನ ಮಾತು. ನವೆಂಬರಿನಲ್ಲಿ ಮಾಡಿಸುವಾಗ ಬಡಗಿಗೆ ಬರೆದೇ ಕೊಡು. ಪ್ಲೈವುಡ್ ಐಎಸ್ 710 ಗುರುತಿನದು (ನೀರು ತಡೆಯುವ ಮರೈನ್ ಪ್ಲೈ), ಅಡುಗೆಮನೆಗೂ ಪಡುವಣ ಕೋಣೆಗೂ. ಐಎಸ್ 303ರಲ್ಲಿ ಎಂಆರ್ (ತೇವವನ್ನು ಮಾತ್ರ ತಾಳುವ) ಗುರುತಿನದ್ದು ಘಟ್ಟದ ಮೇಲಿನ ಒಣ ಊರಿಗೆ ಸಾಕು, ನಮಗಲ್ಲ. ಪಾರ್ಟಿಕಲ್ ಬೋರ್ಡು ಎಷ್ಟೇ ಅಗ್ಗವಾದರೂ ಬೇಡ, ಒಮ್ಮೆ ಅಂಚಿಗೆ ನೀರು ತಾಗಿದರೆ ಉಬ್ಬಿದ್ದು ಇಳಿಯುವುದಿಲ್ಲ. ಮುಂದೆ ಲ್ಯಾಮಿನೇಟು ಹಾಕಿ ಒಳಬದಿ ಬರಿದು ಬಿಟ್ಟರೆ ಹಲಗೆ ಬಾಗುತ್ತದೆ, ಎರಡೂ ಬದಿಗೆ ಹಾಕಬೇಕು. ಬೆನ್ನಿನ ಹಲಗೆಗೂ ಗೋಡೆಗೂ 2 ಇಂಚು ಅಂತರ, ಬುಡಕ್ಕೆ 4 ಇಂಚಿನ ಪಾದ. ಮೇಲೆ ಮತ್ತು ಕೆಳಗೆ ಗಾಳಿ ಆಡುವಂತೆ ತೂತಿನ ಪಟ್ಟಿ ಇರಲಿ. ಸಾಧ್ಯವಾದರೆ ವಾರ್ಡ್‌ರೋಬನ್ನು ಮೂಡಣ ಅಥವಾ ಮನೆಯ ಒಳಗಿನ ಗೋಡೆಗೆ ಸರಿಸು, ಪಡುವಣಕ್ಕೆ ಮಂಚದ ತಲೆ ಸಾಕು. ಬಾಗಿಲ ತಿರುಗಣೆ (ಹಿಂಜು), ಸ್ಕ್ರೂ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದು. ಸಮುದ್ರ ಎಷ್ಟು ಹತ್ತಿರವೋ ಉಪ್ಪುಗಾಳಿ ಅಷ್ಟು ಜೋರು. ಮಲ್ಪೆ, ಉಳ್ಳಾಲದ ದಂಡೆಯಲ್ಲಿ 304 ಕೂಡ ಕಂದು ಕಲೆ ಹಿಡಿಯುತ್ತದೆ, ಅಲ್ಲಿ 316 ಬೇಕು. ನಿನ್ನ ಸಂತೆಕಟ್ಟೆಗೆ 304 ಸಾಕು, ಹೊರಗಿನ ರೇಲಿಂಗನ್ನು ತಿಂಗಳಿಗೊಮ್ಮೆ ಸಿಹಿನೀರಲ್ಲಿ ಒರೆಸಿದರಾಯ್ತು.

ಫೋಟೋ, ಗಡಿಯಾರ, ಪರದೆ ಇವಕ್ಕೆ ಕಾಯಬೇಕಿಲ್ಲ, ಕೊರೆಯುವ ಮುಂಚೆ ಎರಡು ನಿಯಮ ನೆನಪಿಡು. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಎಂದೂ ಕೊರೆಯಬಾರದು, ವಯರಿನ ಪೈಪು ಸ್ಲ್ಯಾಬಿನಿಂದ ಇಳಿಯುವುದು ಆ ಗೆರೆಯಲ್ಲೇ. ಬಚ್ಚಲಲ್ಲಿ ಮಿಕ್ಸರಿನಿಂದ ಷವರಿಗೆ ಹೋಗುವ ಗೆರೆಯೂ ಹಾಗೇ. ಮುರಕಲ್ಲಿಗೆ ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿಕೋ. ಹ್ಯಾಮರಿನಲ್ಲಿ ಕಲ್ಲಿನೊಳಗಿನ ಪೊಳ್ಳು ಒಡೆದು 6 ಎಂಎಂ ತೂತು 10 ಆಗುತ್ತದೆ, ಪ್ಲಗ್ಗು ಗಿರಗಿರ ತಿರುಗುತ್ತದೆ. ಹಾಗಾದರೆ ಬೆಂಕಿಕಡ್ಡಿ ತುರುಕುವ ಉಪಾಯ ಬೇಡ. ಧೂಳು ಊದಿ ತೆಗೆದು, ಎಪಾಕ್ಸಿ ಪುಟ್ಟಿ ತುಂಬಿ, ಪ್ಲಗ್ಗು ಒತ್ತಿ, ಒಂದು ದಿನ ಬಿಟ್ಟು ಸ್ಕ್ರೂ ಹಾಕು. ಟಿವಿಯಂಥ ಭಾರಕ್ಕೆ 8 ಎಂಎಂ ದಪ್ಪ, 80 ಎಂಎಂ ಉದ್ದದ ಫ್ರೇಮ್ ಪ್ಲಗ್ಗು, ಆಗ ಪ್ಲಾಸ್ಟರ್ ದಾಟಿ ಕಲ್ಲಿನಲ್ಲಿ ಹಿಡಿತ ಸಿಗುತ್ತದೆ. ಪರದೆಯ ಸರಳು ಬರುವುದು 7 ಅಡಿ ಎತ್ತರದಲ್ಲಿ, ಅಲ್ಲಿರುವುದು ಲಿಂಟಲ್ ಕಾಂಕ್ರೀಟು, ಅಲ್ಲಿ ಮಾತ್ರ ಹ್ಯಾಮರ್ ಬೇಕು.

ಉಯ್ಯಾಲೆಗೆ ಸ್ಲ್ಯಾಬಿನಲ್ಲಿ ಕೊಂಡಿ ಹುದುಗಿಸಿಟ್ಟಿಲ್ಲ ಅಂದಿ. ಸ್ಲ್ಯಾಬಿಗೆ ಕೆಳಗಿನಿಂದ ಆಂಕರ್ ಹೊಡೆಯುವುದು ಬೇಡ, ತೂಗಿದ ಹಾಗೆ ಅದು ಸಡಿಲವಾಗುತ್ತದೆ, ಅಲ್ಲಿ ವಯರಿನ ಪೈಪೂ ಇರುತ್ತದೆ. ಜಗಲಿಯ ಬೀಮಿನ ಮಧ್ಯದ ಎತ್ತರದಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ 14 ಎಂಎಂ ತೂತು ಕೊರೆದು, 12 ಎಂಎಂ ಬೋಲ್ಟು ದಾಟಿಸಿ, ಎರಡೂ ಕಡೆ ತಟ್ಟೆ ಇಟ್ಟು ಕೊಂಡಿ ತೂಗಿಸು. ಬೀಮಿನ ಅಡಿಯಲ್ಲಿ ಮುಖ್ಯ ಕಂಬಿಗಳಿರುತ್ತವೆ, ಅವಕ್ಕೆ ತಾಗಬಾರದು. ಕಂಬದ ಪಕ್ಕಕ್ಕೂ ಹೋಗಬೇಡ, ಅಲ್ಲಿ ರಿಂಗು (ಕಂಬಿಗಳನ್ನು ಸುತ್ತುವ ಬಳೆ) ಒತ್ತೊತ್ತಾಗಿರುತ್ತದೆ. ಮೂವರು ಕೂತರೆ ಇನ್ನೂರು ಕಿಲೋ, ತೂಗುವಾಗ ಅದರ ದುಪ್ಪಟ್ಟು ಅಂತ ಲೆಕ್ಕ ಹಿಡಿದು ನಿನ್ನ ಎಂಜಿನಿಯರರ ಹತ್ತಿರ ಜಾಗ ಗುರುತು ಹಾಕಿಸಿಕೋ.

ಮೊದಲ ಜೋರು ಮಳೆಗೆ ಕರೆಂಟು ಟ್ರಿಪ್ಪಾದರೆ ಮೆಸ್ಕಾಂಗೆ ಫೋನ್ ಮಾಡುವ ಮೊದಲು ಡಿಬಿಯಲ್ಲಿ (ಮನೆಯ ಮುಖ್ಯ ಸ್ವಿಚ್ಚಿನ ಪೆಟ್ಟಿಗೆ) ಬಿದ್ದದ್ದು ಆರ್‌ಸಿಸಿಬಿಯೋ, ಅಂದರೆ ಕರೆಂಟು ಸೋರಿದರೆ ಬೀಳುವ ಸ್ವಿಚ್ಚೋ ನೋಡು. 30 ಮಿಲಿಆಂಪಿಯರಿನ ಸೋರಿಕೆಗೆ ಅದು ಬೀಳಬೇಕಾದ್ದೇ. ಎಲ್ಲ ಎಂಸಿಬಿ (ಒಂದೊಂದು ಲೈನಿನ ಸ್ವಿಚ್ಚು) ಇಳಿಸಿ, ಆರ್‌ಸಿಸಿಬಿ ಏರಿಸಿ, ಒಂದೊಂದಾಗಿ ಎತ್ತು. ಬಿದ್ದ ಲೈನಿನಲ್ಲೇ ದೋಷ, ಹೆಚ್ಚಾಗಿ ಗೇಟಿನ ದೀಪ ಅಥವಾ ಬಾವಿಯ ಪಂಪು. ಎಲ್ಲ ಇಳಿಸಿದರೂ ಆರ್‌ಸಿಸಿಬಿ ನಿಲ್ಲದಿದ್ದರೆ ಗಾಬರಿ ಬೇಡ: ಒಂಟಿ ಪೋಲಿನ ಎಂಸಿಬಿ ಫೇಸನ್ನು ಮಾತ್ರ ತಪ್ಪಿಸುತ್ತದೆ, ನ್ಯೂಟ್ರಲ್ ಎಲ್ಲೋ ನೆನೆದು ಅರ್ಥಿಂಗಿಗೆ ತಾಗಿದ್ದರೆ ಹೀಗಾಗುತ್ತದೆ. ಆಗ ಎಲೆಕ್ಟ್ರಿಷಿಯನ್ ಬಂದು ನ್ಯೂಟ್ರಲುಗಳನ್ನು ಒಂದೊಂದಾಗಿ ಕಳಚಿ ಹುಡುಕಬೇಕು. ಬೀಳುತ್ತದೆ ಅಂತ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಕೊಡುತ್ತೇನೆ ಅನ್ನುವವನನ್ನು ಅಂಗಳದಿಂದಲೇ ಕಳಿಸು. ಅದರ ಟೆಸ್ಟ್ ಬಟನನ್ನು ತಿಂಗಳಿಗೊಮ್ಮೆ ಒತ್ತು.

ನಲ್ಲಿಯಲ್ಲಿ ನೀರು ಸಣ್ಣಗಾದರೆ ಪ್ಲಂಬರ್ ಬೇಡ, ಮೂತಿಯ ಜಾಲರಿ ತಿರುಗಿಸಿ ತೆಗೆ. ಹೊಸ ಪೈಪಿನ ಮರಳು, ಟೆಫ್ಲಾನ್ ಚೂರು ಅಲ್ಲಿ ಸಿಕ್ಕಿಕೊಂಡಿರುತ್ತದೆ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಲೆಕ್ಕ ಕೇಳಿದ್ದಿ. ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 0.785ರಿಂದ ಗುಣಿಸು. ಅಳತೆ ಮೀಟರಿನಲ್ಲಿದ್ದರೆ ಬರುವುದು ಘನಮೀಟರ್, ಅಂದರೆ ಸಾವಿರ ಲೀಟರಿನ ಲೆಕ್ಕ. ನಿನ್ನದು 8 ಅಡಿ ಅಗಲ, ಅಂದರೆ 2.4 ಮೀಟರ್. ಈಗ ನೀರು 3 ಮೀಟರ್ ಇದ್ದರೆ ಸುಮಾರು 13,500 ಲೀಟರ್. ಒಳ್ಳೆಯ ಪೌಡರ್ ಸಾವಿರ ಲೀಟರಿಗೆ 2.5 ಗ್ರಾಂ, ಒಟ್ಟು 34 ಗ್ರಾಂ. ಬಕೆಟಿನಲ್ಲಿ ಗಂಜಿಯ ಹದಕ್ಕೆ ಕಲಸಿ, ನೀರು ತುಂಬಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಜಗ್ಗಾಡಿಸು. ತಳದ ಸುಣ್ಣ ಬಾವಿಗೆ ಹೋಗಬಾರದು, ನೀರು ಗಡುಸಾಗುತ್ತದೆ. ರಾತ್ರಿ ಹಾಕಿದರೆ ಬೆಳಿಗ್ಗೆ ಸೇದಬಹುದು. ಜುಲೈಯಲ್ಲಿ ನೀರು ಮೇಲೆ ಬಂದಾಗ ಹಳೆಯ ಲೆಕ್ಕ ನಡೆಯುವುದಿಲ್ಲ, ಮತ್ತೆ ಅಳೆ.

ಹಿತ್ತಿಲಲ್ಲಿ ಒಟ್ಟಿದ ಸೆಂಟ್ರಿಂಗ್ ಹಲಗೆ (ಸ್ಲ್ಯಾಬು ಹಾಕುವಾಗ ಕೊಟ್ಟದ್ದು) ಇನ್ನೂ ಅಲ್ಲೇ ಉಂಟಾದರೆ ಇವತ್ತೇ ಸಾಗಿಸು. ಒರಲೆಗೆ (ಗೆದ್ದಲಿಗೆ) ಅದಕ್ಕಿಂತ ಒಳ್ಳೆಯ ಕರೆಯೋಲೆ ಬೇರೆ ಇಲ್ಲ. ಸ್ಕರ್ಟಿಂಗಿನ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಎದ್ದದ್ದು ಕಂಡರೆ ಒರೆಸಿ ಸುಮ್ಮನಾಗಬೇಡ, ಮದ್ದಿನವರನ್ನು ಕರೆಸು.

ಮಲ್ಲಿಗೆಗೆ ಜೂನ್ ಮೊದಲ ಮಳೆಯೇ ಹದ. ಶಂಕರಪುರದ ಕಡೆಯಿಂದ ಬೇರುಬಿಟ್ಟ ಗೆಲ್ಲು ತರಿಸು. ನೆನೆದ ದೊಡ್ಡ ಹೂವಿನ ಚಟ್ಟಿಯೊಂದು ಐವತ್ತು ಕಿಲೋ ಮಿಕ್ಕೀತು, ಹಾಗಾಗಿ ತಾರಸಿಯ ನಡುವೆ ಬೇಡ, ಕೆಳಗೆ ಗೋಡೆ ಅಥವಾ ಬೀಮು ಇರುವ ಅಂಚಿನಲ್ಲಿ ಸಾಲಾಗಿ ಇಡು. ಚಟ್ಟಿಯ ಅಡಿಗೆ ಎರಡು ತುಂಡು ಕಲ್ಲು ಕೊಟ್ಟರೆ ನೀರು ಹರಿದು ಸ್ಲ್ಯಾಬು ಒಣಗುತ್ತದೆ. ಮಳೆನೀರಿನ ಪೈಪಿನ ಬಾಯಿಂದ ಎರಡಡಿ ದೂರವಿರಲಿ, ಉದುರಿದ ಎಲೆ ಬಾಯಿಗೆ ಕೂತರೆ ಒಂದೇ ರಾತ್ರಿಯಲ್ಲಿ ತಾರಸಿ ಕೆರೆಯಾಗುತ್ತದೆ.

ಹಾಲಿನ ಗೋಡೆಯ ಬಣ್ಣವನ್ನೂ ಈಗ ಆಯ್ಕೆ ಮಾಡಬೇಡ. ಮೇ ತಿಂಗಳ ಬಿಸಿಲಲ್ಲಿ ಚೆಂದ ಕಾಣುವ ಬೂದು ಬಣ್ಣ ಆಟಿಯ ಮಧ್ಯಾಹ್ನ ಕತ್ತಲೆ ಕತ್ತಲೆ ಕಾಣುತ್ತದೆ. ಎರಡಡಿ ಚೌಕದ ಮೂರು ಮಾದರಿ ಹೊಡೆಸಿಟ್ಟುಕೋ, ಆಗಸ್ಟಿನಲ್ಲಿ ನೋಡಿ ಹೇಳು. ಬಡಗಿ ಮುಂಗಡ ತೆಗೆದುಕೊಂಡಿದ್ದರೆ ಅದನ್ನು ಜಗಲಿಯ ಚಪ್ಪಲಿ ಸ್ಟ್ಯಾಂಡಿಗೆ, ಬಾಗಿಲು ಕಳಚಿ ಅಂಚಿಗೆ ಪಾಲಿಶ್ ಹಚ್ಚುವ ಕೆಲಸಕ್ಕೆ ತಿರುಗಿಸು. ಅವನಿಗೂ ಬೇಜಾರಿಲ್ಲ, ನಿನಗೂ ನಷ್ಟವಿಲ್ಲ.

ಮನೆಯವರಿಗೆ ನಮಸ್ಕಾರ ತಿಳಿಸು.

ಇತಿ ನಿನ್ನ
ಗೆಳೆಯ